ಓರ್ವಿನ್‌ನ ಬಲಗೈ

ಸತ್ತ ಮನುಷ್ಯನ ಬಲಗೈ ಎಲ್ಲಿರಬೇಕು ಎಂಬ ಮಹತ್ವದ ಪ್ರಶ್ನೆ ಉತ್ತರ ಡಕೋಟಾದ ಆ ಪುಟ್ಟ ಲೂಥರನ್ ಚರ್ಚಿನಲ್ಲಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಎದ್ದಿತು. ಎಬ್ಬಿಸಿದವಳು ವಿಧವೆ ಆರ್ಡಿಸ್. ಎಬ್ಬಿಸುವ ಹೊತ್ತಿಗಾಗಲೇ ಅವಳು ಶವಪೆಟ್ಟಿಗೆಯ ಮೇಲೆ ಬಾಗಿ, ಗಂಡನ ಎದೆಯ ಮೇಲೆ ಜೋಡಿಸಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ್ದಳು.

"ಅದನ್ನ ಮುಟ್ಬೇಡಿ ಅಮ್ಮ," ಎಂದ ಡೆಲ್ಬರ್ಟ್. ಊರಿನ ಹೆಣಗಳನ್ನೆಲ್ಲ ಸಿಂಗರಿಸಿ ಕಳಿಸುವವನು ಅವನೇ. "ಕೈ ಎದೆ ಮೇಲೇ ಇರ್ಬೇಕು. ನಮ್ಮಪ್ಪನ ಕಾಲದಿಂದ್ಲೂ ಹಾಗೇ."

"ನಿಮ್ಮಪ್ಪ ಓರ್ವಿನ್‌ನ ಮಲಗಿಸಿರ್ಲಿಲ್ಲವಲ್ಲ."

ಇದಕ್ಕೆಲ್ಲ ಕಾರಣ ಪಾಮರ್. ಆಲೂಗಡ್ಡೆ ಬೆಳೆಯುವ ಪಾಮರ್ ಎಲ್ಲರಿಗಿಂತ ಮೊದಲೇ ಬಂದು, ಟೋಪಿ ತೆಗೆದು, ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಆರ್ಡಿಸ್‌ಳ ಕಿವಿಯ ಬಳಿ, "ಇವರು ಯಾರು? ನಾನು ಓರ್ವಿನ್‌ನ ನೋಡೋಕೆ ಅಂತ ಬಂದೆ," ಎಂದಿದ್ದ. ತಮಾಷೆಯಲ್ಲ. ಇಪ್ಪತ್ತಾರು ವರ್ಷ ಓರ್ವಿನ್‌ನ ಕೈಯಿಂದ ಅಂಚೆಯ ಕಾಗದ ಇಸಿದುಕೊಂಡವನು.

ಆರ್ಡಿಸ್ ಆಗ ಸರಿಯಾಗಿ ನೋಡಿದಳು. ಮುಖ ನುಣ್ಣಗಿತ್ತು. ಎರಡೂ ಕಣ್ಣು ಒಂದೇ ಅಳತೆಗೆ ಮುಚ್ಚಿದ್ದವು. ಯಾರೋ ಬ್ಯಾಂಕಿನ ಮ್ಯಾನೇಜರ್ ಮಲಗಿದಂತಿತ್ತು. ಹನ್ನೊಂದಕ್ಕೆ ಜನ ಬರುತ್ತಾರೆ; ನಲವತ್ತೊಂಬತ್ತು ವರ್ಷ ತನ್ನೊಂದಿಗೆ ಬಾಳಿದವನನ್ನು ಅಪರಿಚಿತನನ್ನಾಗಿ ಮಾಡಿ ಮಣ್ಣಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

"ಕೈ ಕೆನ್ನೆ ಮೇಲಿಡಿ," ಎಂದಳು. "ಬಲಗೆನ್ನೆ ಮೇಲೆ."

ಮುಂದಿನ ಬೆಂಚಿನಿಂದ ಓರ್ವಿನ್‌ನ ಅಕ್ಕ ಥೋರಾಳ ದನಿ ಬಂತು. ಎಂಬತ್ತನಾಲ್ಕು ವಯಸ್ಸು, ದನಿಗೆ ಮಾತ್ರ ಅಷ್ಟಾಗಿರಲಿಲ್ಲ. "ಕೆನ್ನೆ ಹಿಡ್ಕೊಂಡು ಸ್ವರ್ಗಕ್ಕೆ ಹೋಗ್ತಾನಾ? ಬಾಗಿಲಲ್ಲೇ ಹಲ್ಲು ನೋವಾ ಅಂತ ಕೇಳ್ತಾರೆ."

"ಕೇಳ್ಲಿ. ಇಲ್ಲ ಅಂತಾನೆ. ಅವನಿಗೇನು, ಅಭ್ಯಾಸ ಇದೆ."

*

ಓರ್ವಿನ್ ಹಳ್ಳಿಗಾಡಿನ ಅಂಚೆಯವನು. ಸ್ಟಿಯರಿಂಗ್ ಎಡಗಡೆಯಿರುವ ಸ್ವಂತ ಕಾರಿನಲ್ಲಿ ಬಲಗಡೆಯ ಸೀಟಿನಲ್ಲಿ ಕೂತು, ಎಡಗೈ ಎಡಗಾಲು ಚಾಚಿ ಕಾರು ಓಡಿಸುತ್ತ, ಬಲಗಡೆಯ ಕಿಟಕಿಯಿಂದ ದಾರಿಬದಿಯ ನೂರಾ ಹನ್ನೆರಡು ಡಬ್ಬಿಗಳಿಗೆ ಕಾಗದ ತುರುಕುವ ಕೆಲಸ. ಮೂವತ್ತೊಂದನೆಯ ವಯಸ್ಸಿನಲ್ಲಿ ಬಲಗೆನ್ನೆ, ಬಲಗಣ್ಣು, ಬಲ ಹಣೆಯೊಳಗೆ ನೋವು ಶುರುವಾದಾಗ ಎಲ್ಲರೂ ಬೈದದ್ದು ಚಳಿಗಾಳಿ ಬಿಡುವ ಆ ಕಿಟಕಿಯನ್ನು. ಜುಲೈ ತಿಂಗಳ ಒಂದು ಭಾನುವಾರ, ಎಲೆಯೂ ಅಲ್ಲಾಡದಾಗ, ಅಂಗಳದ ಕುರ್ಚಿಯಲ್ಲಿ ಕೂತವನಿಗೂ ಅದೇ ನೋವು ಬಂತು. ಕಿಟಕಿ ಆರೋಪದಿಂದ ಬಿಡುಗಡೆಯಾಯಿತು.

ಹಲ್ಲಿನ ಡಾಕ್ಟರು ಎರಡು ದವಡೆಹಲ್ಲು ಕಿತ್ತರು. ಹಲ್ಲುಗಳಲ್ಲಿ ಯಾವ ದೋಷವೂ ಇರಲಿಲ್ಲ. ಮೂಗಿನ ಡಾಕ್ಟರು ಸೈನಸ್ ಎಂದು ನಾಲ್ಕು ವರ್ಷ ಉಪ್ಪುನೀರು ಹಾಕಿಸಿ, ಆಮೇಲೆ ಒಳಗೆ ನಳಿಗೆ ಇಳಿಸಿ ನೋಡಿ, ಹೊಸ ಮನೆಯ ಹಾಗಿದೆ ಎಂದು ಮೆಚ್ಚಿಕೊಂಡರು. ಫಾರ್ಗೋ ಪಟ್ಟಣದ ಒಬ್ಬ ಎಳೆಯ ಡಾಕ್ಟರಮ್ಮ ಮಾತ್ರ ಎಕ್ಸ್‌ರೇ ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು, "ನಂಗೆ ಗೊತ್ತಾಗ್ತಿಲ್ಲ," ಎಂದಳು. ಓರ್ವಿನ್ ಸಾಯುವವರೆಗೂ ಅವಳಿಗೆ ಕ್ರಿಸ್‌ಮಸ್ ಕಾರ್ಡು ಕಳಿಸಿದ.

ಥೋರಾಳ ತೀರ್ಪು ಬೇರೆ. "ಎಕ್ಸ್‌ರೇಲಿ ಕಾಣಲ್ಲ ಅಂದ್ರೆ ಇಲ್ಲ ಅಂತ. ಚಿಕ್ಕಂದಿನಿಂದ್ಲೂ ನಾಟಕ ಅವನದು."

ಓರ್ವಿನ್ ವಾದಿಸಲಿಲ್ಲ. ಹೇಗಿದ್ದೀಯ ಎಂದವರಿಗೆ, "ಎಡಗಡೆ ಆರಾಮ," ಎನ್ನುತ್ತಿದ್ದ. ಒಂದು ಕೈ ಕೆನ್ನೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ಇಸ್ಪೀಟು ಆಡಿದ, ಗೆದ್ದ. ಊರವರ ಮದುವೆಗಳಲ್ಲಿ ಒಂದೇ ಕೈಯಲ್ಲಿ ಹೆಂಡತಿಯನ್ನು ಕುಣಿಸಿದ. ರಾತ್ರಿ ಆರ್ಡಿಸ್ ಕಾಲುಚೀಲದಲ್ಲಿ ಅಕ್ಕಿ ತುಂಬಿ ಬಿಸಿಮಾಡಿ ಕೊಟ್ಟರೆ, ಕೆನ್ನೆಗೊತ್ತಿಕೊಂಡು, ಇದಕ್ಕಿಂತ ಸುಖ ಪಾಮರ್‌ಗೆ ಎಲ್ಲಿದೆ ಎಂದು ಕೇಳುತ್ತಿದ್ದ. ನಿಜವಾಗಿಯೂ ಉತ್ತರ ಬೇಕು ಎನ್ನುವ ಹಾಗೆ.

*

ಡೆಲ್ಬರ್ಟ್ ಕೋಟು ಕಳಚಿ, ತೋಳನ್ನು ತೀಡಿ ತೀಡಿ ಬಗ್ಗಿಸಿದ. ಹತ್ತೂವರೆಯಾಯಿತು. ಕೊನೆಗೂ ಅಂಗೈ ಕೆನ್ನೆಗೆ ತಾಗಿತು.

"ಆಯ್ತಾ?"

ಆಗಿರಲಿಲ್ಲ. ಏನೋ ತಪ್ಪಿತ್ತು, ಏನೆಂದು ಆರ್ಡಿಸ್‌ಗೆ ಹೇಳಲು ಬರಲಿಲ್ಲ. ನೋವಿನ ಬದಿಗೆ ಮೈ ತಾಗದಿರಲೆಂದು ಇಷ್ಟು ವರ್ಷ ಅವನ ಎಡಗಡೆಯೇ ಮಲಗಿದವಳು, ಎಡಗಡೆಯೇ ನಡೆದವಳು ಅವಳು.

ಕೋಲಿನ ಸದ್ದು ಹತ್ತಿರ ಬಂತು.

"ಅದು ಹಲ್ಲುನೋವಿನ ಕೈ ಕಣಯ್ಯ," ಎಂದಳು ಥೋರಾ. "ಅಂಗೈ ದವಡೆಗೆ ಬರ್ಬೇಕು. ಮೂರು ಬೆರಳು ಮೇಲೆ, ಕಣ್ಣಿನ ಕೆಳಗಡೆ ಮೂಳೆ ಇದೆಯಲ್ಲ, ಅಲ್ಲಿ. ಅಲ್ಲಲ್ಲ, ಇನ್ನೂ ಮೂಗಿನ ಕಡೆ. ಹಾಂ. ಅಲ್ಲಿ ಒತ್ತಿ ಹಿಡೀತಿದ್ದ."

ಡೆಲ್ಬರ್ಟ್ ಬೆರಳುಗಳನ್ನು ಅಲ್ಲಿಟ್ಟ. ಬಲಗಣ್ಣಿನ ಕೆಳಗಿನ ಚರ್ಮ ತುಸು ಮೇಲೆ ಸರಿಯಿತು. ಓರ್ವಿನ್ ಬಂದ.

ಆರ್ಡಿಸ್ ಅತ್ತಿಗೆಯತ್ತ ತಿರುಗಿದಳು. "ನಾಟಕ ಅಂತಿದ್ಯಲ್ಲ ಥೋರಾ."

"ಅಂತಿದ್ದೆ. ನೋಡ್ದೇನೇ ಅನ್ನೋಕಾಗುತ್ತಾ?"

ಥೋರಾ ಬೆಂಚಿಗೆ ಮರಳಲಿಲ್ಲ. ಬಾಗಿ, ತಮ್ಮನ ಕಿರುಬೆರಳನ್ನು ಒಂದಿಷ್ಟು ಸರಿಪಡಿಸಿ, ಅಲ್ಲೇ ಕೈಯಿಟ್ಟುಕೊಂಡು ನಿಂತಳು.

ಹನ್ನೊಂದಕ್ಕೆ ಜನ ಬಂದರು. ಪಾಮರ್ ಎರಡನೇ ಸಲ ಸಾಲಿನಲ್ಲಿ ಬಂದು, "ಏನಪ್ಪಾ ಓರ್ವಿನ್," ಎಂದು ತಲೆಯಾಡಿಸಿ, ಕಾಫಿ ಕುಡಿಯಲು ನೆಲಮಾಳಿಗೆಗೆ ಇಳಿದ. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಡೆಲ್ಬರ್ಟ್ ಮುಚ್ಚಳ ಇಳಿಸಿದ. ಮೊಣಕೈ ಅಡ್ಡ ಬಂತು. ಪಕ್ಕದ ಹತ್ತಿಯ ಮೆತ್ತೆಯೊಂದನ್ನು ಎಳೆದು ತೆಗೆದ. ಆಮೇಲೆ ಮುಚ್ಚಿತು.