ಸಮುದ್ರದ ದಾರಿಗೆ ಮರುಬಾಗಿನ

ಬಹಳ ಹಿಂದೆ, ಕಡಲ ನೀರು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ, ಒಂದೂರಿನ ಹೆಂಗಸರು ನೀರಿಗೆ ಹೋಗುವ ದಾರಿಯಲ್ಲಿ ಒಬ್ಬ ರಾಕ್ಷಸ ಬಂದು ಕೂತನಂತೆ. ಅವನು ಯಾರನ್ನೂ ತಿನ್ನಲಿಲ್ಲ. ಹೋಗಿಬರುವವರಿಗೆಲ್ಲ ಒಂದೊಂದು ಚಿನ್ನದ ಬಳೆ ಕೊಟ್ಟ. ಬಳೆ ತೊಟ್ಟವರ ಬಾಯಿ ಕಟ್ಟಿತು. ಬೇರೆ ರಾಕ್ಷಸರ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದರೆ ಇವನ ಜೀವ ಇದ್ದದ್ದು ಒಂದು ಪ್ರಶ್ನೆಯಲ್ಲಿ: ‘ಈ ದಾರಿಯನ್ನು ನಿನಗೆ ಕೊಟ್ಟವರು ಯಾರು?’ ಕೇಳುವವರೇ ಇರಲಿಲ್ಲ. ಅವನು ಬೆಳೆಯುತ್ತಲೇ ಹೋದ.

ಆಂಧ್ರದ ಕಡಲತಡಿಯ ಊರು ಭೀಮುನಿಪಟ್ಟಣದ ಹೇಮಾಕ್ಷಿ ಈ ಕಥೆ ಹೇಳಿ ಮಗಳು ಪ್ರೇರಣಾಳನ್ನು ಎಷ್ಟೋ ಸಲ ಮಲಗಿಸಿದ್ದಳು. ಬಳೆ ತನ್ನ ಕೈಗೇ ಬಂದಾಗ ಮಾತ್ರ ಅವಳಿಗೆ ಗುರುತು ಸಿಗಲಿಲ್ಲ.

ಅದು 2017ರ ಶ್ರಾವಣ. ದಂಡೆಯಲ್ಲಿ ದೊಡ್ಡ ಹೋಟೆಲು ಕಟ್ಟಿಸುತ್ತಿದ್ದ ಯಜಮಾನರ ಹೆಂಡತಿ ಒಂದು ಶುಕ್ರವಾರ ಓಣಿಯ ಹೆಂಗಸರನ್ನೆಲ್ಲ ಕರೆದು ಬಾಗಿನ ಕೊಟ್ಟರು. ಸೀರೆ, ಸ್ಟೀಲ್ ಡಬ್ಬಿ, ಅರಿಶಿನ, ಕುಂಕುಮ. ಕೊನೆಯಲ್ಲಿ ಸಹಿ ಹಾಕಲು ಒಂದು ರಿಜಿಸ್ಟರ್. ಹೇಮಾಕ್ಷಿ ಬಳ್ಳಾರಿ ಕಡೆಯವಳು, ಸೋದರತ್ತೆಯ ಮಗನನ್ನೇ ಮದುವೆಯಾಗಿ ಬಂದವಳು. ತೆಲುಗು ಮಾತು ಬರುತ್ತಿತ್ತು, ಓದುವುದು ನಿಧಾನ. ಬಾಗಿನ ಕೊಡುವವರ ಮುಂದೆ ಕಾಗದ ಓದುತ್ತ ನಿಲ್ಲುವುದು ಮರ್ಯಾದೆಯಲ್ಲ ಅನ್ನಿಸಿ, ಮೇಲಿದ್ದ ನಾಲ್ಕು ಸಾಲು ಓದದೆ ಸಹಿ ಹಾಕಿದಳು. ಬಿ.ಎ. ಓದಿದವಳೇ ಹಾಕಿದಳೆಂದು ಉಳಿದವರೂ ಹಾಕಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು.

ತಿಂಗಳಾಗುವಷ್ಟರಲ್ಲಿ ಓಣಿಯಿಂದ ದಂಡೆಗೆ ಹೋಗುವ ದಾರಿಗೆ ಅಡ್ಡ ಗೋಡೆ ಎದ್ದಿತು, ಕಬ್ಬಿಣದ ಗೇಟು ಬಂತು. ಮೀನು ಮಾರುವ ಕೋಟೇಶ್ವರಮ್ಮ ಹೋಗಿ ಕೇಳಿದರೆ ಮ್ಯಾನೇಜರು ಆ ರಿಜಿಸ್ಟರಿನ ಹಾಳೆ ತೋರಿಸಿದ. ದಾರಿ ಮುಚ್ಚಲು ಅಭ್ಯಂತರವಿಲ್ಲವೆಂದು ನಲವತ್ತೆರಡು ಹೆಂಗಸರು ಒಪ್ಪಿದ್ದರು. ಮೊದಲ ಸಹಿ ಹೇಮಾಕ್ಷಿಯದು.

ಅಂದಿನಿಂದ ಕೋಟೇಶ್ವರಮ್ಮ ಬುಟ್ಟಿ ಹೊತ್ತು ಊರೆಲ್ಲ ಸುತ್ತಿ ಬರಬೇಕಾಯಿತು. ಮಾರುವ ಜಾಗ ತಲುಪುವಷ್ಟರಲ್ಲಿ ಮೀನಿನ ಕಣ್ಣು ಮಂಕಾಗಿರುತ್ತಿತ್ತು. ಕೊಳ್ಳುವವರು ಕಿವಿರು ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು. ಅವಳು ಹೇಮಾಕ್ಷಿಯನ್ನು ಬೈಯಲಿಲ್ಲ. ಓದಿದವಳು ನೀನು, ನಿನ್ನ ಹಿಂದೆ ನಾವು ಬಂದೆವು ಎಂದಷ್ಟೇ ತೆಲುಗಿನಲ್ಲಿ ಹೇಳಿದಳು. ಹೇಮಾಕ್ಷಿ ಅವಳ ಕೈ ಹಿಡಿದು, ಆ ದಾರಿ ಯಾರದೆಂದು ಸರ್ಕಾರವನ್ನೇ ಬರೆದು ಕೇಳುತ್ತೇನೆಂದು ಮಾತು ಕೊಟ್ಟಳು.

ಮಾತು ಕೊಟ್ಟು ಮನೆಗೆ ಬಂದ ಮೇಲೆ ಭಯ ಶುರುವಾಯಿತು. ಅವಳ ಗಂಡ ಸಾಯಿತೇಜ ಅದೇ ಯಜಮಾನರ ಕಾರಿನ ಡ್ರೈವರು. ವಾರಕ್ಕೊಮ್ಮೆ ಅವರನ್ನು ವಿಜಯವಾಡಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಯಾವ ಯಾವ ದೊಡ್ಡವರ ಮನೆಯ ಗೇಟು ಆ ಕಾರಿಗೆ ಹಾರ್ನ್ ಹಾಕದೆಯೇ ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು.

“ಅಲ್ಲಿಂದ ಒಂದು ಫೋನ್ ಬಂದ್ರ ಸಾಕು, ನಮ್ಮ ಮನಿ ಒಲಿ ಆರತೈತಿ,” ಎಂದ ಅವನು. “ಅರ್ಜಿ ಮ್ಯಾಲೆ ನಿನ್ನ ಹೆಸರು ಬ್ಯಾಡ.”

ಸುದ್ದಿ ಹೇಗೆ ಮುಟ್ಟಿತೋ, ಮರುದಿನ ಮ್ಯಾನೇಜರೇ ಮನೆಗೆ ಬಂದ. ಪೂತರೇಕುಲು ಸಿಹಿಯ ಡಬ್ಬಿ ಕೊಟ್ಟು, ಕಾಫಿ ಕುಡಿದು, ಅತ್ತೆ ದುರ್ಗಾಂಬಳ ಮೊಣಕಾಲು ನೋವು ವಿಚಾರಿಸಿದ. ಹೊರಡುವಾಗ ನಗುತ್ತ, ಪ್ರೇರಣಾ ಸ್ಕೂಲ್ ಆಟೋದಲ್ಲಿ ಎಡಗಡೆ ಅಂಚಿಗೆ ಕೂರುತ್ತಾಳೆ, ಹುಷಾರು ಎಂದ. ಆ ಸಿಹಿಯನ್ನು ಯಾರೂ ಮುಟ್ಟಲಿಲ್ಲ. ಮಗುವನ್ನು ಆಟೋದಲ್ಲಿ ಕಳಿಸುವುದನ್ನು ಬಿಟ್ಟು ಹೇಮಾಕ್ಷಿ ತಾನೇ ನಡೆಸಿಕೊಂಡು ಹೋಗತೊಡಗಿದಳು. ಹಿಂದೆ ಯಾವ ಗಾಡಿ ನಿಂತರೂ ಮಗುವನ್ನು ಒಳಬದಿಗೆ ಎಳೆದುಕೊಳ್ಳುತ್ತಿದ್ದಳು.

ಓಣಿಯ ಹೆಂಗಸರ ಉಳಿತಾಯ ಸಂಘದ ಕೆಲಸಕ್ಕೆ ಅತ್ತೆ ಸೊಸೆ ಬ್ಯಾಂಕಿಗೆ ಹೋದ ದಿನ, ಮೈಸೂರಿನಿಂದ ವರ್ಗವಾಗಿ ಬಂದಿದ್ದ ಗುಮಾಸ್ತೆ ಅನಸೂಯಾ ಸೊಸೆಯ ಮುಖ ನೋಡಿ ಏನೆಂದು ಕೇಳಿದಳು. ಕನ್ನಡದಲ್ಲಿ ಕೇಳಿದ್ದಕ್ಕೋ ಏನೋ, ಹೇಮಾಕ್ಷಿ ಎಲ್ಲವನ್ನೂ ಹೇಳಿಬಿಟ್ಟಳು.

ಅನಸೂಯಾ ಒಂದು ಬಿಳಿ ಹಾಳೆ ತೆಗೆದಳು. ಮಾಹಿತಿ ಹಕ್ಕಿನ ಅರ್ಜಿಗೆ ಇಷ್ಟು ಸಾಕೆಂದಳು. ಆ ದಾರಿ ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಲ್ಲಿದೆ, ಗೋಡೆ ಕಟ್ಟಲು ಅನುಮತಿ ಕೊಟ್ಟವರು ಯಾರು, ಅದರ ನಕಲು ಕೊಡಿ ಎಂದು ಕೇಳಬೇಕು. ಯಾಕೆ ಬೇಕೆಂದು ಹೇಳಬೇಕಾಗಿಲ್ಲ. ಮಂಡಲದ, ಅಂದರೆ ನಮ್ಮ ಕಡೆಯ ತಾಲೂಕಿನಂಥ, ಕಚೇರಿಯಲ್ಲಿ ಶುಲ್ಕ ಐದು ರೂಪಾಯಿ, ಬಿಳಿ ರೇಷನ್ ಕಾರ್ಡಿನ ಬಡವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ.

“ಒಬ್ಬರ ಹೆಸರಿದ್ರೆ ಹೆದರಿಸ್ತಾರೆ. ಸಂಘದಲ್ಲಿ ಹನ್ನೊಂದು ಜನ ಇದ್ದೀರಲ್ಲ, ಒಬ್ಬೊಬ್ಬರೂ ಒಂದೊಂದು ಹಾಳೆ ಕೊಡಿ,” ಎಂದಳು. “ಹನ್ನೊಂದು ಮನೆಗೆ ಸಿಹಿ ಹಂಚೋದು ಅವರಿಗೂ ಕಷ್ಟ.”

ದುರ್ಗಾಂಬಳಿಗೆ ನಗು ಬರಲಿಲ್ಲ. “ನೀವು ಹೇಳೋದು ಖರೇ ಇರಬಹುದಮ್ಮಾ. ಆದ್ರ ಅವರ ಬಾಗಿನ ಹಿಡಿದ ಕೈ ಇದು. ಇದೇ ಕೈಲಿ ಅವರ ಮ್ಯಾಲೆ ಅರ್ಜಿ ಕೊಟ್ರ ದೇವಿ ಮೆಚ್ಚತಾಳೇನು?”

“ಬಾಗಿನ ತಗೊಂಡ್ರೆ ನಿಮ್ಮ ಕಡೆ ಮರುಬಾಗಿನ ಕೊಡಲ್ವಾ?”

“ಕೊಡದೇನು? ನಾವೇನು ಬಿಟ್ಟಿ ತಿನ್ನೋ ಮಂದಿ ಅನಕೊಂಡೀರೇನು?”

“ಹಾಗಾದ್ರೆ ಕೊಟ್ಟುಬಿಡಿ. ಆಮೇಲೆ ಕೇಳೋಕೆ ಏನಡ್ಡಿ?”

ದುರ್ಗಾಂಬ ಪೆಟ್ಟಿಗೆಯಲ್ಲಿದ್ದ ಬಾಗಿನದ ಸೀರೆಯನ್ನು ಎರಡು ದಿನ ತೆಗೆಯುವುದು, ಮಡಚಿಡುವುದು ಮಾಡಿದಳು. ಮೂರನೆಯ ದಿನ ಕೋಟೇಶ್ವರಮ್ಮ ಮಾರದೆ ಉಳಿದ ಮೀನನ್ನು ಅವರ ಮನೆಯೆದುರಿನ ತಿಪ್ಪೆಗೆ ಸುರಿದು, ಬರಿ ಬುಟ್ಟಿ ಹೊತ್ತು ಹೋದಳು. ಅದನ್ನು ನೋಡಿದ ದುರ್ಗಾಂಬ ಎದ್ದು ಮೊರ ತೊಳೆದಳು. ಸೀರೆ, ಡಬ್ಬಿ, ಮೇಲೊಂದು ತೆಂಗಿನಕಾಯಿ, ಅರಿಶಿನ ಕುಂಕುಮ ಇಟ್ಟಳು. ಸಂಘದ ಹನ್ನೊಂದು ಹೆಂಗಸರೂ ಬರೆದ ಅರ್ಜಿ ಹಿಡಿದು ಹೋಟೆಲಿನ ಗೇಟಿನವರೆಗೆ ನಡೆದರು. ಗೇಟಿನ ಮೇಲಿನ ಕ್ಯಾಮೆರಾ ಅವರ ಕಡೆಗೇ ತಿರುಗಿತ್ತು.

“ನಿಮ್ಮ ಯಜಮಾನಿ ಅಮ್ಮಗಾರು ಕೊಟ್ಟಿದ್ದಕ್ಕ ಇದು ಮರುಬಾಗಿನ,” ಎಂದು ದುರ್ಗಾಂಬ ಮೊರವನ್ನು ಮ್ಯಾನೇಜರನ ಮುಂದೆ ಇಟ್ಟಳು. ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. “ಲೆಕ್ಕ ಮುಗೀತು. ಇನ್ನ ನಾವು ಕೇಳ್ತೀವಿ.”

ಅಲ್ಲಿಂದ ನೇರ ತಹಶೀಲ್ದಾರ್ ಕಚೇರಿಗೆ ಹೋದರು. ಅರ್ಜಿಯಲ್ಲಿ ಹೋಟೆಲಿನ ಹೆಸರು ನೋಡಿದ್ದೇ ಗುಮಾಸ್ತ ಕನ್ನಡಕ ತೆಗೆದಿಟ್ಟ. ಸಾಹೇಬರಿಲ್ಲ, ಸೋಮವಾರ ಬನ್ನಿ ಎಂದ. ಅಷ್ಟರಲ್ಲಿ ಹೇಮಾಕ್ಷಿಯ ಫೋನು ಬಡಿದುಕೊಂಡಿತು. ಸಾಯಿತೇಜ. ಕಾರಿನ ಕೀಲಿ ಇಟ್ಟು ಮನೆಗೆ ಹೋಗು ಅಂದರಂತೆ ಯಜಮಾನರು. ಅವಳ ಕೈ ತಾನಾಗಿಯೇ ಹಾಳೆಯನ್ನು ಹಿಂದಕ್ಕೆ ಎಳೆಯಿತು.

ಅಕ್ಕತಂಗಿಯರೇ, ನಮ್ಮಲ್ಲಿ ಬಹಳ ಮಂದಿ ಮನೆಗೆ ವಾಪಸಾಗುವುದು ಈ ಹೊತ್ತಿಗೇ. ಭಯವಾಗುವುದು ತಪ್ಪಲ್ಲ, ಹೇಮಾಕ್ಷಿಗೂ ಆಯಿತು. ಓದದೆ ಎಲ್ಲಿಯೂ ಸಹಿ ಹಾಕಬೇಡಿ, ಕೊಡುವ ಕೈ ಎಷ್ಟೇ ದೊಡ್ಡದಿರಲಿ. ದೊಡ್ಡವರ ಗೋಡೆಗೂ ಒಂದು ಕಾಗದ ಇರಲೇಬೇಕು, ಅದನ್ನು ನೋಡುವ ಹಕ್ಕು ನಿಮಗಿದೆ. ಒಬ್ಬರೇ ಹೋಗಬೇಡಿ. ಕಚೇರಿಯಲ್ಲಿ ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕೈಯಲ್ಲಿ ಕೊಟ್ಟರೆ, ನಿಮ್ಮ ಪ್ರತಿಯ ಮೇಲೆ ಮುದ್ರೆ ಬೀಳುವವರೆಗೆ ಅಲ್ಲಿಂದ ಕದಲಬೇಡಿ.

“ಕೈ ಹಿಂದಕ್ಕ ತಗೀಬ್ಯಾಡ,” ಎಂದಳು ದುರ್ಗಾಂಬ, ಮೆಲ್ಲಗೆ. “ಒಲಿ ನಾನು ಹಚ್ತೀನಿ.”

ಅವಳು ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ಪಕ್ಕದಲ್ಲಿ ಕೋಟೇಶ್ವರಮ್ಮ ಬುಟ್ಟಿ ಇಟ್ಟುಕೊಂಡು ಕೂತಳು. ಉಳಿದವರೂ ಕೂತರು. ಕಚೇರಿಯ ತುಂಬ ಮೀನಿನ ವಾಸನೆ ಹಬ್ಬಿತು. ಗುಮಾಸ್ತ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಬಾಗಿಲು ನೋಡಿದ. ಮೂರೂವರೆಗೆ ಡ್ರಾಯರ್ ಎಳೆದು ಮುದ್ರೆ ತೆಗೆದ. ಹೇಮಾಕ್ಷಿಯ ಹಾಳೆಯೇ ಮೇಲಿತ್ತು. ಮೊದಲ ಮುದ್ರೆ ಅದರ ಮೇಲೆ ಬಿತ್ತು.