ಬೋರಲು ಹಾಕದ ಜಾಡಿ

ಸಕಲೇಶಪುರದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ ಅಬ್ಬಾಸರ ಲೆಕ್ಕದಲ್ಲಿ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಅಸಲಿ, ನಕಲಿ. ಅಸಲಿಯ ಜಾತಿಗೆ ಅವರ ತಾಯಿಯ ಉಪ್ಪಿನಕಾಯಿ ಜಾಡಿ ಸೇರಿತ್ತು, ಅದರ ಪಕ್ಕದಲ್ಲಿ ಸ್ವತಃ ಅವರು. ಯಾರು ಪಿಂಗಾಣಿ ಜಾಡಿ ತಂದರೂ ಬೋರಲು ಹಾಕಿ, ಉಂಗುರದಲ್ಲಿ ತಟ್ಟಿ, ಮೂಗು ಮುರಿಯುತ್ತಿದ್ದರು. "ಕಾಫಿ ಡಿಕಾಕ್ಷನ್‌ನಾಗೆ ನೆನೆಸಿ ಮುದಿ ಮಾಡವ್ರೆ ಕಣ್ರೀ" ಎಂದುಬಿಟ್ಟರೆ ಮುಗಿಯಿತು, ತಂದವರು ತಲೆ ತಗ್ಗಿಸಿಕೊಂಡು ಹೋಗಬೇಕು.

ಹೋಂಸ್ಟೇ ನಡೆಸುವ ಮಧುಶ್ರೀ ತನ್ನ ಊಟದ ಕೋಣೆಯಲ್ಲಿ ಸುತ್ತಲಿನ ಮನೆಗಳ ಹಳೇ ಜಾಡಿಗಳನ್ನು ಸಾಲಾಗಿಟ್ಟು, ಒಂದೊಂದರ ಕೆಳಗೂ ಅದನ್ನು ಬಳಸಿದ ಹೆಂಗಸಿನ ಹೆಸರು ಬರೆಸುತ್ತಿದ್ದಳು. ಆರಿಸುವ ಕೆಲಸ ಅಬ್ಬಾಸರದು. ಹನ್ನೊಂದು ಆಗಲೇ ಆರಿಸಿಕೊಟ್ಟಿದ್ದರು.

ಹನ್ನೆರಡನೆಯದನ್ನು ಮಡಿಲಲ್ಲಿಟ್ಟುಕೊಂಡು ಪಾಳ್ಯದ ರಾಮಮ್ಮ ಬಸ್ಸಿನಲ್ಲಿ ಬಂದಿದ್ದಳು. ಮಧುಶ್ರೀಯೂ ಅಂಗಡಿಯಲ್ಲೇ ಇದ್ದಳು.

"ನಮ್ಮಜ್ಜಿ ಕೆಂಚಮ್ಮಂದು. ದುಡ್ಡೇನೂ ಬ್ಯಾಡ, ಅವಳ ಹೆಸರು ಬರೆಸಿದ್ರೆ ಸಾಕು. ಒಂದು ಫೋಟೋನೂ ಇಲ್ಲ ಅವಳದ್ದು."

ಅಬ್ಬಾಸರು ಜಾಡಿಯನ್ನು ಬೋರಲು ಹಾಕಿದರು. ತುಟಿ ಕೊಂಕಿತು.

"ತಳ ನುಣ್ಣಗೈತೆ, ಮಿಷನ್‌ನಾಗೆ ಉಜ್ಜಿರೋದು. ಮೈಯೆಲ್ಲ ಮಂಕು. ಅಸಲಿದು ಹೊಳಪು ಬಿಡಲ್ಲ ಕಣಮ್ಮ. ನಮ್ಮಮ್ಮನ ಜಾಡೀಲಿ ಇವತ್ತಿಗೂ ಮುಖ ನೋಡ್ಕಬೋದು. ಅಜ್ಜಿ ಹೆಸ್ರು ಹೇಳ್ಕೊಂಡು ಸಂತೆ ಮಾಲು ತರ್ಬ್ಯಾಡಿ."

ರಾಮಮ್ಮನ ಮುಖ ಕಪ್ಪಿಟ್ಟಿತು. "ಹಂಗಾರೆ ನಾನು ಸುಳ್ಳು ಹೇಳ್ತಿದ್ದೀನಾ ಸಾಬ್ರೇ?"

"ನಾನಲ್ಲ, ಜಾಡಿ ಹೇಳ್ತೈತೆ."

ಮಧುಶ್ರೀಗೆ ಕಸಿವಿಸಿಯಾಯಿತು. "ನಿಮ್ಮನೆ ಜಾಡಿ ಪಕ್ಕಕ್ಕಿಟ್ಟು ನೋಡೋಣ ಅಬ್ಬಾಸಣ್ಣ" ಎಂದಳು. ಅಬ್ಬಾಸರು ಉಬ್ಬಿಹೋದರು. ಮೂವರೂ ಅಂಗಡಿಯ ಹಿಂದಿನ ಮನೆಗೆ ಹೋದರು.

ಆ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಹೆಂಡತಿ ಸುಗ್ರಾಳ ನೀರಿನ ಪಸೆಯಿಲ್ಲದ ಕೈಯೊಂದೇ ತಾಗಬೇಕು. ಬೇರೆ ಕೈ ತಾಗಿದರೆ ಬೂಷ್ಟು ಹಿಡಿಯುತ್ತದೆ. ಅಬ್ಬಾಸರ ತಾಯಿಯೇ ಹಾಕಿದ ಕಟ್ಟಳೆ ಅದು. ಹೀಗಾಗಿ ಕಂಡವರ ಜಾಡಿಗಳನ್ನೆಲ್ಲ ಬೋರಲು ಹಾಕಿದ ಈ ಮಹಾನುಭಾವರು ತಮ್ಮದನ್ನು ಮಾತ್ರ ಬಾಗಿಲಲ್ಲಿ ನಿಂತೇ ಹೊಗಳಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಕಾಣುವ ಕಣ್ಣು.

"ತುಂಬೈತೆ, ಬೇಡ ಕಣ್ರೀ" ಎಂದಳು ಸುಗ್ರಾ.

"ಬೇರೆ ಪಾತ್ರೆಗೆ ಸುರಿ. ಇವರೂ ಒಂದ್ಸಲ ಅಸಲಿ ನೋಡ್ಲಿ."

ತನ್ನ ಜಾಡಿಯನ್ನು ಅಪ್ಪಿಕೊಂಡು ನಿಂತಿದ್ದ ರಾಮಮ್ಮನ ಕಡೆ ಸುಗ್ರಾ ನೋಡಿದಳು. ಆಮೇಲೆ ಮಾತಾಡದೆ ಉಪ್ಪಿನಕಾಯಿ ಸುರಿದು, ತಳ ಒರೆಸಿ, ತಾನೇ ಬೋರಲು ಹಾಕಿದಳು. ತಳದಲ್ಲಿ ನೀಲಿ ಅಕ್ಷರದಲ್ಲಿ ಕಾರ್ಖಾನೆಯವರ ಮೊಬೈಲ್ ನಂಬರ್ ಅಚ್ಚಾಗಿತ್ತು.

"ಅತ್ತೆ ಜಾಡಿ ನನ್ನ ಕೈ ಜಾರಿ ಒಡೆದು ಹನ್ನೆರಡು ವರ್ಷ ಆಯ್ತು. ನಿಮ್ಮ ಬಾಯಿಗೆ ಹೆದ್ರಿ ಇದನ್ನ ತಂದಿಟ್ಟೆ. ಅತ್ತೇದೂ ಈಯಮ್ಮನ ಜಾಡಿ ಹಂಗೇ ಮಂಕಾಗಿತ್ತು. ತಳ ಕಲ್ಲಿನ ಮೇಲೆ ಹಿಂಗೇ ಸವೆದಿತ್ತು. ಬಾಯಿಗೆ ಬಟ್ಟೆ ಬಿಗೀತಿದ್ದ ದಾರದ ಗೀರೂ ಹಿಂಗೇ ಇತ್ತು" ಎನ್ನುತ್ತ ರಾಮಮ್ಮನ ಜಾಡಿಯ ಕತ್ತು ಸವರಿದಳು.

ಅಬ್ಬಾಸರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನೀವು ಆರಿಸಿಕೊಟ್ಟ ಹನ್ನೊಂದೂ ಫಳಫಳ ಅಂತಾವೆ ಅಬ್ಬಾಸಣ್ಣ" ಎಂದಳು ಮಧುಶ್ರೀ ನಿಧಾನವಾಗಿ. "ಮಂಕಾಗಿವೆ ಅಂತ ವಾಪಸ್ ಕಳಿಸಿದ್ದೆಷ್ಟು?"

ಮಧುಶ್ರೀ ಚೀಲದಿಂದ ಚೀಟಿ ತೆಗೆದು ಅಜ್ಜಿಯ ಹೆಸರು ಕೇಳಿದಳು.

"ಕೆಂಚಮ್ಮ ಅಂತ ಬರ್ಕಳವ್ವ" ಎಂದಳು ರಾಮಮ್ಮ, ಜಾಡಿಗೆ ಸೆರಗು ಹೊದಿಸುತ್ತ. "ಆದ್ರೆ ಆ ಹನ್ನೊಂದರ ಸಾಲ್ನಾಗೆ ನಮ್ಮಜ್ಜೀನ ಕೂರಿಸ್ಬ್ಯಾಡ."