ಬೀಗರ ಕಾಟವೇ? ಕರೆ ಮಾಡಿ

ಬೀಗದಮ್ಮನನ್ನು ಎರಡನೇ ಮಹಡಿಗೆ ಅಟ್ಟಿದ್ದು ಒಂದು ಲಿಫ್ಟು. ಕಟ್ಟಡದ ಮಾಲೀಕರಿಗೆ ಇದ್ದಕ್ಕಿದ್ದಂತೆ ಲಿಫ್ಟಿನ ಹುಚ್ಚು ಹಿಡಿಯಿತು. ಹುಚ್ಚಿಗೆ ಜಾಗ ಬೇಕಾಯಿತು. ಸಿಕ್ಕಿದ್ದು ರಸ್ತೆಗೆ ಮುಖಮಾಡಿದ್ದ, ಮೆಟ್ಟಿಲ ಕೆಳಗಿನ ಗೂಡು. ಆ ಗೂಡಿನಲ್ಲಿ ಬೀಗದಮ್ಮ ಮೂವತ್ತು ವರ್ಷದಿಂದ, ಮೊದಲು ಗಂಡನ ಜೊತೆ, ಆತ ಹೋದಮೇಲೆ ಒಬ್ಬಳೇ, ಊರಿನವರ ಬೀಗ ರಿಪೇರಿ ಮಾಡಿಕೊಂಡು ಕೂತಿದ್ದಳು. ಅದರ ಬದಲಿಗೆ ಮಾಲೀಕರು ಎರಡನೇ ಮಹಡಿಯ ಹಿಂಬದಿಯಲ್ಲಿ, ಹಲ್ಲಿನ ಡಾಕ್ಟರ ಪಕ್ಕದಲ್ಲಿ ಒಂದು ಕೋಣೆ ಕೊಟ್ಟರು. ಗಾಳಿ ಬೆಳಕು ಚೆನ್ನಾಗಿದೆ ಎಂದರು. ಲಿಫ್ಟು ಮಾತ್ರ ಇನ್ನೂ ಗುಂಡಿ ತೋಡುವ ಹಂತದಲ್ಲೇ ಇತ್ತು.

ಗಾಳಿ ಬಂತು, ಬೆಳಕೂ ಬಂತು, ಗಿರಾಕಿ ಮಾತ್ರ ಬರಲಿಲ್ಲ. ಮೊದಲ ಮೂರು ವಾರದಲ್ಲಿ ಮೆಟ್ಟಿಲು ಹತ್ತಿ ಬಂದವರು ಒಂಬತ್ತು ಜನ. ಅದರಲ್ಲಿ ಏಳು ಜನ ಡಾಕ್ಟರನ್ನು ಕೇಳಿಕೊಂಡು ಬಂದವರು. ಒಬ್ಬಾತ ಅವಳ ಕೈಯಲ್ಲಿದ್ದ ಇಕ್ಕಳ ನೋಡಿ, ಇವರೇ ಇರಬೇಕೆಂದು ಸ್ಟೂಲಿನ ಮೇಲೆ ಕೂತು ಬಾಯಿ ತೆರೆದೇಬಿಟ್ಟ.

"ಸಾಕಮ್ಮ," ಎಂದ ಮಗ. "ಕೀ ಕೊರೆಯೋ ಮಷೀನಿಗೆ ಒಬ್ಬರು ಸಿಕ್ಕಿದಾರೆ. ತಿಂಗಳ ಕೊನೆಗೆ ಬಂದು ಎತ್ಕೊಂಡು ಹೋಗ್ತಾರಂತೆ. ನೀನು ಮನೇಲಿ ಆರಾಮಾಗಿರು."

ಆರಾಮ ಎಂಬ ಮಾತೇ ಬೀಗದಮ್ಮನಿಗೆ ಹಿಡಿಸಲಿಲ್ಲ. ಆರಾಮಾಗಿರುವವರನ್ನು ಅವಳು ಬೀದಿಯಲ್ಲಿ ನೋಡಿದ್ದಳು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಲೆಕ್ಕವಿಡುವುದೇ ಅವರ ಕಸುಬು. ಅವಳಿಗೆ ಸಾಯುವ ಭಯ ಅಷ್ಟಿರಲಿಲ್ಲ; ಬೆಳಗ್ಗೆ ಹನ್ನೊಂದು ಗಂಟೆಗೆ ಸೋಫಾದ ಮೇಲೆ ಸುಮ್ಮನೆ ಕೂತಿರಬೇಕಲ್ಲ, ಆ ಭಯವಿತ್ತು.

ಆಗ ಬಾಯಿ ಬಿಟ್ಟವಳು ಸೊಸೆ. ಅವಳು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕಗಳ ಡಿಸೈನ್ ಮಾಡುತ್ತಿದ್ದಳು. ಮಾತು ಕಡಿಮೆ, ಮನೆಯಲ್ಲಂತೂ ಇನ್ನೂ ಕಡಿಮೆ.

"ಒಂದು ವೆಬ್‌ಸೈಟ್ ಮಾಡಿ ನೋಡೋಣ ಅತ್ತೆ. ಮಷೀನ್ ಆಮೇಲೆ ಹೋಗ್ಲಿ."

ಬೀಗದಮ್ಮನಿಗೆ ಹುರುಪು ಬಂತು. ಆವತ್ತು ಸಂಜೆಯೇ ಅವಳ ಪಟ್ಟಿ ಸಿದ್ಧವಾಯಿತು: ಮೇಲ್ಗಡೆ ಗಂಡನ ಫೋಟೋ, ಅದರ ಕೆಳಗೆ ಆತನ ಜೀವನ ಚರಿತ್ರೆ, ಪಕ್ಕದಲ್ಲಿ ತಾನಾಗಿ ತೆರೆದು ಮುಚ್ಚುವ ಒಂದು ಬಂಗಾರದ ಬೀಗ, ಹಿನ್ನೆಲೆಯಲ್ಲಿ ಸಂಗೀತ. ಸೊಸೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದನ್ನೂ ಬರೆದುಕೊಳ್ಳಲಿಲ್ಲ.

"ಅತ್ತೆ, ಜನ ನಿಮ್ಮನ್ನ ಹುಡುಕೋದು ಯಾವಾಗ?"

"ಕೀ ಕಳ್ಕೊಂಡಾಗ."

"ಆಗ ಎಲ್ಲಿರ್ತಾರೆ?"

"ಬಾಗಿಲ ಹೊರಗೆ. ಇನ್ನೆಲ್ಲಿರ್ತಾರೆ?"

"ಒಂದು ಕೈಯಲ್ಲಿ?"

"ತರಕಾರಿ ಚೀಲ. ಇನ್ನೊಂದು ಕೈಯಲ್ಲಿ ಫೋನು. ಕಂಕುಳಲ್ಲಿ ಅಳೋ ಮಗು."

"ಅಂಥವರಿಗೆ ಮಾವನವರ ಜೀವನ ಚರಿತ್ರೆ ಓದೋಕೆ ಪುರುಸೊತ್ತು ಇರುತ್ತಾ?"

ಬೀಗದಮ್ಮ ಮುಖ ಊದಿಸಿಕೊಂಡಳು. ಆದರೆ ಮಾತು ಸರಿ ಎನ್ನುವುದು ಅವಳಿಗೆ ಗೊತ್ತಾಗಿತ್ತು. ಫೋನ್ ನಂಬರು ಮೇಲೆ, ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಾಗಿ. ಅದರ ಕೆಳಗೆ ನಾಲ್ಕು ಸಾಲು. ಕೊನೆಗೆ ವಿಳಾಸ, ಜೊತೆಗೆ 'ಹಲ್ಲಿನ ಡಾಕ್ಟರ ಬಾಗಿಲಲ್ಲ, ಅದರ ಮುಂದಿನದು' ಎಂಬ ಎಚ್ಚರಿಕೆ. ಫೋಟೋ ಬೇಕೇ ಬೇಕು ಎಂದು ಹಟ ಹಿಡಿದದ್ದಕ್ಕೆ ಒಂದು ತೆಗೆದರು. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ತಂತಿ ಹಿಡಿದು, ತಿರುಗಿ ನೋಡಿ ನಗುವ ಭಂಗಿ. ಸಿಕ್ಕಿಬಿದ್ದ ಕಳ್ಳಿಯ ಹಾಗಿದೆ ಎಂದು ಮಗ ಹೇಳಿದ್ದರಿಂದ ಅದನ್ನು ಕೈಬಿಟ್ಟರು.

ಆ ನಾಲ್ಕು ಸಾಲನ್ನು ಬೀಗದಮ್ಮನೇ ಹೇಳಿದಳು. ಟೈಪ್ ಮಾಡಬೇಕಿಲ್ಲ, ಫೋನಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಸೊಸೆ ತೋರಿಸಿಕೊಟ್ಟು ಹೋಗಿದ್ದಳು. ಬೀಗದಮ್ಮ ಕೆಲಸ ಮಾಡುತ್ತಲೇ ಹೇಳಿದಳು. ಕೆಲಸ ಮಾಡುವಾಗ ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವುದು ಅವಳ ರೂಢಿ. ಅವತ್ತು ಮೂರು ಸ್ಕ್ರೂ ಇದ್ದವು. ಬಾಯಿಂದ ಹೊರಟದ್ದು 'ಬೀಗದ', ಫೋನಿಗೆ ಕೇಳಿಸಿದ್ದು 'ಬೀಗರ'. ತಪ್ಪಾದ ಪದವಾಗಿದ್ದರೆ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು. ಆದರೆ ಬೀಗರು ತಪ್ಪೆಂದು ಹೇಳುವ ಧೈರ್ಯ ಮನುಷ್ಯರಿಗೇ ಇಲ್ಲ, ಫೋನಿಗೆ ಎಲ್ಲಿಂದ ಬರಬೇಕು? ಸೊಸೆ ಬಸ್ಸಿನಲ್ಲಿ ನಿಂತುಕೊಂಡೇ ಕಣ್ಣಾಡಿಸಿ ಸೈಟಿಗೆ ಹಾಕಿಬಿಟ್ಟಳು.

'ಬೀಗರ ಕಾಟವೇ? ಕರೆ ಮಾಡಿ. ಎಷ್ಟೇ ಹಳೆಯದಿರಲಿ, ಎಷ್ಟೇ ಬಿಗಿದುಕೊಂಡಿರಲಿ, ಹದಿನೈದು ನಿಮಿಷದಲ್ಲಿ ಬಿಡಿಸಿಕೊಡುತ್ತೇವೆ. ತೀರಾ ಅಗತ್ಯಬಿದ್ದರೆ ಮಾತ್ರ ಒಡೆಯುತ್ತೇವೆ. ಹಳೆಯದನ್ನು ತಂದುಕೊಟ್ಟರೆ ಹೊಸದಕ್ಕೆ ರಿಯಾಯಿತಿ.'

ಮೂರನೇ ದಿನ ಮೊದಲ ಕರೆ ಬಂತು. ಗಂಡಸಿನ ದನಿ, ಪಿಸುಮಾತು.

"ಅಮ್ಮಾ, ಹನ್ನೊಂದು ದಿನ ಆಯ್ತು. ಅಲ್ಲಾಡ್ತಾನೇ ಇಲ್ಲ."

"ಎಲ್ಲಿ ಸಿಕ್ಕಾಕ್ಕೊಂಡಿದೆ?" ಎಂದಳು ಬೀಗದಮ್ಮ.

"ಹಾಲ್‌ನಲ್ಲಿ. ಟಿವಿ ಮುಂದೆ."

ಅವಳಿಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೆ ಜನ ಎಲ್ಲೆಲ್ಲಿಗೋ ಬೀಗ ಹಾಕುತ್ತಾರೆ. "ಎಷ್ಟು ಹಳೇದು?"

"ಎಪ್ಪತ್ತೆರಡು."

"ಅಬ್ಬಾ! ಹಳೇ ಕಾಲದ್ದು ಗಟ್ಟಿ ಇರುತ್ತೆ. ಎಣ್ಣೆ ಹಾಕಿ ನೋಡಿದ್ರಾ?"

"ದಿನಾ ಎಣ್ಣೇಲಿ ಕರಿದಿದ್ದೇ ಮಾಡಿ ಹಾಕ್ತಿದೀವಿ ಅಮ್ಮಾ. ಅದಕ್ಕೇ ಹೋಗ್ತಿಲ್ಲ ಅನ್ಸುತ್ತೆ."

"ಹಾಗಿದ್ರೆ ಒಂದು ಸಣ್ಣ ಸುತ್ತಿಗೆ ತಗೊಳ್ಳಿ. ಪಕ್ಕಕ್ಕೆ ಒಂದೇ ಒಂದು ಏಟು. ಬಿಟ್ಕೊಳ್ಳುತ್ತೆ."

"ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ," ಎಂದು ಆತ ಫೋನಿಟ್ಟ.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಕರೆ. ಯಾರೋ ಪುಣ್ಯಾತ್ಮರು ಆ ನಾಲ್ಕು ಸಾಲನ್ನು ಊರಿಗೆಲ್ಲ ಹಂಚಿದ್ದರು. ಕರೆ ಮಾಡಿದವರಲ್ಲಿ ಅರ್ಧ ಜನ ನಗುವುದಕ್ಕೆ ಮಾಡಿದವರು, ಉಳಿದರ್ಧ ಅಳುವುದಕ್ಕೆ. ಬೀಗ ಕೆಟ್ಟವರು ಒಬ್ಬರೂ ಇರಲಿಲ್ಲ. ಏನಾಗಿದೆ ಎಂದು ತಿಳಿದಾಗ ಬೀಗದಮ್ಮ ಬಾಯಲ್ಲಿದ್ದ ಸ್ಕ್ರೂ ನುಂಗುವುದೊಂದು ಬಾಕಿ. ತಿಂಗಳು ಮುಗಿಯಲು ಹತ್ತೇ ದಿನ ಉಳಿದಿತ್ತು. ಇದ್ದ ಒಂದು ಅವಕಾಶವೂ ಊರ ನಗೆಪಾಟಲಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಅಳುವುದಕ್ಕೂ ಬಿಡುವು ಸಿಗಲಿಲ್ಲ. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಂದವಳು ಸೊಸೆಯ ತಾಯಿ, ಅಂದರೆ ಬೀಗದಮ್ಮನ ಸಾಕ್ಷಾತ್ ಬೀಗಿತ್ತಿ. ಊರಿನಲ್ಲಿ ಆ ಸಾಲುಗಳನ್ನು ಓದಿ ನಗದೆ ಇದ್ದವಳು ಬಹುಶಃ ಅವಳೊಬ್ಬಳೇ.

"ನಾವು ನಿಮಗೆ ಯಾವತ್ತು ಕಾಟ ಕೊಟ್ವಿ? ಹೇಳಿ! ಮದುವೆ ಆಗಿ ನಾಲ್ಕು ವರ್ಷದಲ್ಲಿ ನಿಮ್ಮನೇಲಿ ಒಂದು ರಾತ್ರಿ ತಂಗಿದ್ದು ಉಂಟಾ?"

"ಅಯ್ಯೋ, ಅದು ನಾನಲ್ಲ, ಫೋನು..."

"ಒಡೀತೀರಂತೆ! ಹಳೇದನ್ನ ತಂದುಕೊಟ್ರೆ ರಿಯಾಯಿತಿಯಂತೆ! ನಮ್ಮನ್ನ ಗುಜರಿಗೆ ಹಾಕ್ತೀರಾ? ನನ್ನ ಮಗಳ ಕೈಯಿಂದಲೇ ಬರೆಸ್ತೀರಲ್ಲ, ಎಂಥಾ ಗುಂಡಿಗೆ ನಿಮ್ಮದು!"

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಬೀಗಿತ್ತಿ ಅದನ್ನು ಕಸಿದುಕೊಂಡಳು. ಬೈಯುವುದಕ್ಕೆಂದೇ ಕಸಿದುಕೊಂಡವಳು ಹಲೋ ಎನ್ನುವಷ್ಟರಲ್ಲಿ ಆ ಕಡೆಯ ಹೆಂಗಸು ಶುರುಮಾಡಿಬಿಟ್ಟಿದ್ದಳು. ಬೀಗಿತ್ತಿ ಕೇಳಿದಳು. ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕೂತಳು. "ಹೌದಾ?" ಎಂದಳು. "ಬಂದಾಗಲೆಲ್ಲ ಬೀರು ತೆಗೆದು ನೋಡ್ತಾರಾ? ಒಳಬಟ್ಟೆ ಇಡೋ ಖಾನೇನೂ? ಥೂ!" ಸ್ವಲ್ಪ ಹೊತ್ತಿನ ಮೇಲೆ ಅವಳ ದನಿಯೇ ಬದಲಾಯಿತು. "ಬೀರುಗೆ ಬೀಗ ಇಲ್ವೇನಮ್ಮ? ಕೆಟ್ಟು ಎಷ್ಟು ವರ್ಷ ಆಯ್ತು? ಮತ್ತೆ ಅವರು ತೆಗೀದೆ ಇನ್ನೇನು ಮಾಡ್ತಾರೆ? ವಿಳಾಸ ಹೇಳಿ. ನಾಳೆ ಹತ್ತು ಗಂಟೆಗೆ ನಮ್ಮೋರು ಬಂದು ಹೊಸದು ಹಾಕ್ತಾರೆ."

ಫೋನಿಟ್ಟು ಅವಳು ತಲೆಯೆತ್ತಿದಳು. ಬೀಗದಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಏನು ಹಾಗೆ ನೋಡ್ತೀರಿ? ಬರ್ಕೊಳ್ಳಿ ವಿಳಾಸ," ಎಂದಳು ಬೀಗಿತ್ತಿ.

ಆ ಸಂಜೆಯೊಳಗೆ ಆರು ಕೆಲಸ ಹುಟ್ಟಿಕೊಂಡವು. ಬೀಗದಮ್ಮ ಮೂವತ್ತು ವರ್ಷದಿಂದ ಬೀಗ ಕೆಟ್ಟವರಿಗಾಗಿ ಕಾದಿದ್ದಳು. ಅವರಿಗಿಂತ ದೊಡ್ಡ ದಂಡೊಂದು ಊರಿನಲ್ಲಿತ್ತು, ಬೀಗವೇ ಇಲ್ಲದವರದು. ಅವರಿಗೆ ತಮಗೊಂದು ಬೀಗ ಬೇಕೆಂಬುದೂ ಗೊತ್ತಿರಲಿಲ್ಲ. ಬೇರೆಯವರು ಮೂಗು ತೂರಿಸುತ್ತಾರೆ ಎನ್ನುವುದಷ್ಟೇ ಗೊತ್ತಿತ್ತು. ಸೊಸೆ ಇದನ್ನು ಕೇಳಿ ಹುಬ್ಬೇರಿಸಿ, ಸೈಟಿಗೆ ಇನ್ನೊಂದು ಪುಟ ಸೇರಿಸಿದಳು. ಮಾತಾಡಲು ಆಗದವರು ಬರೆದು ತಿಳಿಸುವುದಕ್ಕೆ ಒಂದು ಫಾರಂ: ಎಲ್ಲಿಗೆ ಬೇಕು, ಎಂಥದು ಬೇಕು, ಯಾರಿಂದ ತೊಂದರೆ.

"ಮೇಲಿನ ಪದ ತಿದ್ದಿಬಿಡ್ಲಾ ಅಮ್ಮಾ?" ಎಂದು ತಾಯಿಯನ್ನು ಕೇಳಿದಳು.

"ಈಗೇನು ಅವಸರ," ಎಂದಳು ಬೀಗಿತ್ತಿ. ಅವಳು ಆಗಲೇ ಮನೆಯಿಂದ ಒಂದು ಕುಷನ್ ತಂದು ಸ್ಟೂಲಿನ ಮೇಲೆ ಹಾಕಿಕೊಂಡಿದ್ದಳು.

ಅಲ್ಲಿಂದ ಮುಂದೆ ಬೀಗದಮ್ಮನಿಗೆ ಕೂರಲು ಪುರುಸೊತ್ತಿಲ್ಲ. ಅಡುಗೆಮನೆಯ ಡಬ್ಬಗಳ ಕಪಾಟಿಗೆ ಬೀಗ. ಭಾವಮೈದುನ ಕೇಳದೆ ಓಡಿಸಿಕೊಂಡು ಹೋಗುವ ಸ್ಕೂಟರಿಗೆ ಸರಪಳಿ. ತಾತನೊಬ್ಬ ತನ್ನ ಬಿಸ್ಕತ್ತಿನ ಪೆಟ್ಟಿಗೆಗೆ ನಂಬರಿನ ಬೀಗ ಹಾಕಿಸಿಕೊಂಡು, ಮರುದಿನವೇ ನಂಬರು ಮರೆತು ಮತ್ತೆ ಕರೆಸಿದ. ತಿಂಗಳ ಕೊನೆಗೆ ಮಷೀನು ಒಯ್ಯಲು ಬಂದವನು ಎರಡು ಮಹಡಿ ಹತ್ತಿ, ಸರದಿಯಲ್ಲಿ ನಿಂತಿದ್ದ ನಾಲ್ಕು ಜನರ ಹಿಂದೆ ತಾನೂ ನಿಂತು, ವಿಷಯ ತಿಳಿದು, ಹೋಗುವಾಗ ಒಂದು ಪ್ಯಾಡ್‌ಲಾಕ್ ಕೊಂಡುಕೊಂಡು ಹೋದ. ಮಗ ಆರಾಮದ ಸುದ್ದಿ ಮತ್ತೆ ಎತ್ತಲಿಲ್ಲ. ಬೀಗದಮ್ಮನಿಗೆ ಹಿಗ್ಗೋ ಹಿಗ್ಗು.

ಮುಂದಿನ ವಾರದ ಒಂದು ಮಧ್ಯಾಹ್ನ ಬೀಗಿತ್ತಿಯರಿಬ್ಬರೂ ಟೀ ಕುಡಿಯುತ್ತ ಫೋನಿನಲ್ಲಿ ಫಾರಂಗಳನ್ನು ನೋಡುತ್ತಿದ್ದರು. ಬೀಗದಮ್ಮ ಕನ್ನಡಕ ಏರಿಸಿ ಒಂದನ್ನು ಗಟ್ಟಿಯಾಗಿ ಓದಿದಳು.

"'ಮಲಗುವ ಕೋಣೆಗೆ ಒಂದು ಒಳಚಿಲಕ. ಯಾರಿಂದ ತೊಂದರೆ: ಅತ್ತೆಯಿಂದ. ಅವರು ಕೆಟ್ಟವರಲ್ಲ. ಆದರೆ ಬಾಗಿಲು ತಟ್ಟುವುದು ಅವರಿಗೆ ಗೊತ್ತೇ ಇಲ್ಲ. ನಾನು ಬಟ್ಟೆ ಬದಲಾಯಿಸುವಾಗಲೂ ಬರುತ್ತಾರೆ, ಅಳುವಾಗಲೂ ಬರುತ್ತಾರೆ. ಹೇಳಲು ಬಾಯಿ ಬರುವುದಿಲ್ಲ.'"

"ಪಾಪ," ಎಂದಳು ಬೀಗಿತ್ತಿ.

"ಎಂಥಾ ಹೆಂಗಸು ಇರಬಹುದು!" ಬೀಗದಮ್ಮ ಲೋಟವನ್ನು ಕುಕ್ಕಿದಳು. "ಮನೆಗೆ ಬಂದ ಹುಡುಗಿ ಅಳೋದಕ್ಕೂ ಮೂಲೆ ಇಲ್ಲದ ಹಾಗೆ ಮಾಡಿದಾಳಲ್ಲ! ಇದು ಬಿಟ್ಟಿ ಮಾಡಿಕೊಡ್ತೀನಿ ನೋಡಿ. ಹಾಕಿದ ಮೇಲೆ ಆ ಮುದುಕಿ ಎದುರಿಗೇ ನಿಂತು ನಾಲ್ಕು ಮಾತು ಆಡಿಯೇ ಬರ್ತೀನಿ. ಎಲ್ಲಿ, ವಿಳಾಸ..."

ವಿಳಾಸ ಓದಿದಳು. ಮೊದಲು ಅರ್ಧ ಗಟ್ಟಿಯಾಗಿ, ಉಳಿದರ್ಧ ತುಟಿಯೊಳಗೆ. ಆಮೇಲೆ ಇನ್ನೊಮ್ಮೆ ಓದಿದಳು. ಅದು ಅವಳದೇ ಮನೆ.

ಬೀಗಿತ್ತಿ ಬಗ್ಗಿ ನೋಡಿದಳು. ಮಗಳ ಪರವಾಗಿ ಜಗಳ ಕಾಯಲು ಇದಕ್ಕಿಂತ ಒಳ್ಳೆಯ ಸಮಯ ಅವಳಿಗೆ ಮತ್ತೆ ಸಿಗುವುದಿಲ್ಲ. ಆದರೆ ಅವಳು ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು.

ಬೀಗದಮ್ಮ ಅವತ್ತು ಬೆಳಗ್ಗೆಯೇ ಮೂರು ಸಲ ಆ ಕೋಣೆಗೆ ನುಗ್ಗಿದ್ದಳು. ಒಮ್ಮೆ ಕತ್ತರಿಗೆ, ಒಮ್ಮೆ ಗಂಟೆ ಎಷ್ಟೆಂದು ಕೇಳಲು. ಮೂರನೆಯದು ಯಾಕೆಂದು ಅವಳಿಗೇ ನೆನಪಾಗಲಿಲ್ಲ. ಇದು ತನ್ನ ಮನೆ, ಇವಳು ತನ್ನ ಮಗಳಂಥವಳು, ತಟ್ಟುವುದೇನು ಬಂತು ಎಂದೇ ಅವಳು ತಿಳಿದಿದ್ದಳು. ಸೊಸೆ ಅಳುತ್ತಾಳೆ ಎನ್ನುವುದನ್ನು ಅವಳು ಗಮನಿಸಿರಲೇ ಇಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಯಾರ ಮೇಲೆಂದು ಹುಡುಕಿದರೆ ಅಲ್ಲಿ ತಾನೊಬ್ಬಳೇ ಸಿಕ್ಕಳು.

"ನೀವು ಅಂಗಡಿ ನೋಡ್ಕೊಳ್ಳಿ," ಎಂದು ಬೀಗಿತ್ತಿಗೆ ಹೇಳಿ ಕೈಚೀಲ ಎತ್ತಿಕೊಂಡಳು.

ಅಂಗಡಿಯಲ್ಲಿದ್ದ ಒಳಚಿಲಕಗಳಲ್ಲೆಲ್ಲ ಒಳ್ಳೆಯದನ್ನು ಆರಿಸಿದ್ದಳು, ಹಿತ್ತಾಳೆಯದು. ಖಾಲಿ ಮನೆಯಲ್ಲಿ, ಸೊಸೆಯ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಗುರುತು ಹಾಕಿ, ತೂತು ಕೊರೆದು, ಆರು ಸ್ಕ್ರೂ ಬಿಗಿದಳು. ಚಿಲಕ ಜಾರುವ ಜಾಗಕ್ಕೆ ಮೇಣ ಸವರಿದಳು. ಕೆಳಗೆ ಬಿದ್ದ ಮರದ ಹೊಟ್ಟನ್ನು ಗುಡಿಸಿದಳು. ಕೋಣೆಯ ಬೇರೆ ಯಾವುದನ್ನೂ ಮುಟ್ಟಲಿಲ್ಲ, ಮಂಚದ ಮೇಲೆ ಬಿದ್ದಿದ್ದ ದುಪಟ್ಟಾವನ್ನು ಮಡಿಸಲೂ ಇಲ್ಲ.

ಸಂಜೆ ಸೊಸೆ ಬಂದಳು. ಕೋಣೆಗೆ ಹೋದವಳು ಬಹಳ ಹೊತ್ತು ಬಾಗಿಲ ಹತ್ತಿರವೇ ನಿಂತಿದ್ದಳು. ಹಾಲ್‌ನಲ್ಲಿದ್ದ ಬೀಗದಮ್ಮ ಪೇಪರಿನಲ್ಲಿ ಮುಖ ಹುದುಗಿಸಿದ್ದಳು, ಒಂದಕ್ಷರ ಓದಿರಲಿಲ್ಲ. ಆಮೇಲೆ ಬಾಗಿಲು ಮುಚ್ಚಿತು. ಚಿಲಕ ಜಾರಿತು, ಸ್ವಲ್ಪವೂ ಕಿರಗುಟ್ಟದೆ. ಒಳ್ಳೆಯ ಕೆಲಸ ಎಂದು ಅವಳ ಕಿವಿ ಹೇಳಿತು. ಎದೆಗೆ ಮಾತ್ರ ಏನೋ ಚುಚ್ಚಿತು.

ಅರ್ಧ ಗಂಟೆ ಕಳೆಯಿತು. ಬೀಗದಮ್ಮ ಟೀ ಮಾಡಿದಳು. ಲೋಟ ಹಿಡಿದು ಆ ಬಾಗಿಲವರೆಗೆ ಹೋದಳು. ಕೈ ತನ್ನ ಪಾಡಿಗೆ ತಾನು ಬಾಗಿಲು ನೂಕಲು ಮುಂದಾಯಿತು. ಅದನ್ನು ಹಿಂದಕ್ಕೆಳೆದುಕೊಂಡು, ಬೆರಳು ಮಡಿಸಿ, ಎರಡು ಸಲ ತಟ್ಟಿದಳು.

"ಯಾರು?" ಎಂದಿತು ಒಳಗಿನಿಂದ ದನಿ.

ಆ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

"ನಾನು ಕಣೇ," ಎಂದಳು. "ಟೀ ತಂದಿದೀನಿ. ಒಳಗೆ ಬರಬಹುದಾ?"

"ಒಂದೈದು ನಿಮಿಷ ಅತ್ತೆ."

ಬೀಗದಮ್ಮ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಅಲ್ಲೇ ಕಾದಳು.